47ನೇ ವಯಸ್ಸಿಗೆ ಇಂಟೀರಿಯರ್ ಕೆಲಸ ಶುರು ಮಾಡಬಹುದಾ? ಕಲಬುರಗಿಯಲ್ಲಿ ನಡೆಯುತ್ತಾ?

ದಾಲ್‌ಮಿಲ್ ಲೆಕ್ಕದವಳು

ಎಲ್ಲರಿಗೂ ನಮಸ್ಕಾರ. ನನಗೀಗ 47. ಇಲ್ಲೇ ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ 21 ವರ್ಷ ಲೆಕ್ಕ ಬರೆದೆ. ಹೋದ ದೀಪಾವಳಿಗೆ ಮಾಲೀಕರು ಮಿಲ್ಲು ಮಾರಿದರು, ಹೊಸಬರು ತಮ್ಮವರನ್ನೇ ತಂದುಕೊಂಡರು. ಬೇರೆ ಕಡೆ ಹೋದರೆ ನನ್ನ ಮಗಳ ವಯಸ್ಸಿನ ಹುಡುಗ ಕುರ್ಚಿ ಮೇಲೆ ಕುಳಿತು "ಟ್ಯಾಲಿ ಬರುತ್ತಾ ಆಂಟಿ" ಎಂದು ಕೇಳುತ್ತಾನೆ. ಬರುತ್ತೆ ಎಂದರೂ ಹಳೆ ಸಂಬಳದ ಅರ್ಧ ಹೇಳುತ್ತಾನೆ. ಇರಲಿ.

ವಿಷಯ ಬೇರೆ. ಎಂಟು ವರ್ಷದ ಹಿಂದೆ ಸೇಡಂ ರಸ್ತೆ ಕಡೆ ಮನೆ ಕಟ್ಟಿಸಿದಾಗ ಒಳಗಿನ ಕೆಲಸ ಪೂರ್ತಿ ನಾನೇ ನಿಂತು ಮಾಡಿಸಿದೆ. ಅಲಮಾರಿ, ಅಡುಗೆಮನೆ, ದೇವರ ಜಗಲಿ, ಎಲ್ಲಾ. ಅದನ್ನು ನೋಡಿ ನಾದಿನಿ ತನ್ನ ಅಡುಗೆಮನೆ ಮಾಡಿಸಿಕೊಡು ಎಂದಳು, ಆಮೇಲೆ ಅವಳ ಪಕ್ಕದ ಮನೆಯವರು. ಒಂದು ರೂಪಾಯಿ ತೆಗೆದುಕೊಂಡಿಲ್ಲ, ಪಕ್ಕದ ಮನೆಯವರು ಒಂದು ಇಳಕಲ್ ಸೀರೆ ಕೊಟ್ಟರು ಅಷ್ಟೆ. ಆದರೆ ಆ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ನಮ್ಮ ಮನೆಯವರು "ಈ ವಯಸ್ಸಲ್ಲಿ ಇದೆಲ್ಲಾ ಯಾಕೆ ಸುಮ್ನೆ" ಎನ್ನುತ್ತಾರೆ. ಮಗಳು ಹೈದರಾಬಾದಿಗೆ ಬಂದು ಒಂದು ವರ್ಷದ ಡಿಪ್ಲೊಮಾ ಮಾಡು ಎನ್ನುತ್ತಾಳೆ. ಒಂದು ಕಡೆ ವಿಚಾರಿಸಿದರೆ ಫೀಸು ಒಂದೂವರೆ ಲಕ್ಷ ಎಂದರು. ಕೈಯಲ್ಲಿರುವುದು ಪಿಎಫ್ ದುಡ್ಡು ಮಾತ್ರ. ಡಿಪ್ಲೊಮಾ ಇಲ್ಲದೆ ಈ ಕೆಲಸ ಮಾಡಬಹುದಾ, ಲೈಸೆನ್ಸ್ ಏನಾದರೂ ಬೇಕಾ? ಮಿಸ್ತ್ರಿಗಳು ನನ್ನಂಥವಳ ಮಾತು ಕೇಳುತ್ತಾರಾ? ಸಮಾಧಾನ ಮಾಡುವ ಮಾತು ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ.

ಆರು ಸೂತ್

ಅಕ್ಕಾ, ನಾನು 26 ವರ್ಷದಿಂದ ಇದೇ ಊರಲ್ಲಿ ಮರದ ಕೆಲಸದ ಗುತ್ತಿಗೆ ಹಿಡಿಯುತ್ತಿದ್ದೇನೆ, ಹಾಗಾಗಿ ನೇರವಾಗಿ ಹೇಳುತ್ತೇನೆ.

ಲೈಸೆನ್ಸ್ ಬೇಡ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ಬೋರ್ಡಿನ ಮೇಲೆ "ಆರ್ಕಿಟೆಕ್ಟ್" ಎಂದು ಹಾಕಿಕೊಳ್ಳುವಂತಿಲ್ಲ. ಇಂಟೀರಿಯರ್ ಡಿಸೈನರ್ ಎಂದು ಹಾಕಿಕೊಳ್ಳಲು ಅಂಥ ಅಡ್ಡಿ ಇಲ್ಲ. ಆದರೆ ಒಂದು ಗೆರೆ ದಾಟಬೇಡಿ. ಗಿರಾಕಿ "ಈ ಗೋಡೆ ತೆಗೆದರೆ ಹಾಲ್ ದೊಡ್ಡದಾಗುತ್ತೆ ಅಲ್ವಾ" ಎಂದು ಕೇಳೇ ಕೇಳುತ್ತಾರೆ. ಎಂಜಿನಿಯರ್ ಬಂದು ನೋಡಿ ಬರೆದು ಕೊಡುವ ತನಕ ಹೂಂ ಎನ್ನಬೇಡಿ. ನಮ್ಮದು ಎರೆ ಭೂಮಿ, ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಪಾಯ ಸರಿ ಇಲ್ಲದ ಮನೆಯ ಗೋಡೆ ಮೊದಲೇ ಸೀಳಿರುತ್ತದೆ. ಅದರ ಮೇಲೆ ಅಲಮಾರಿ ಕೂರಿಸಿ ಮುಚ್ಚಿಬಿಟ್ಟರೆ ಎರಡು ವರ್ಷಕ್ಕೆ ಬಾಗಿಲು ಓರೆಯಾಗುತ್ತದೆ. ಆಗ ಬೈಗುಳ ಎರೆ ಭೂಮಿಗೆ ಹೋಗುವುದಿಲ್ಲ, ನಿಮಗೇ ಬರುತ್ತದೆ.

ಮಿಸ್ತ್ರಿ ಮಾತು ಕೇಳುತ್ತಾನಾ ಎಂದಿರಿ. ಹೆಂಗಸು ಗಂಡಸು ಎನ್ನುವುದಕ್ಕಿಂತ ಅಳತೆ ಬರುತ್ತಾ ಇಲ್ವಾ ಎಂದು ನೋಡುತ್ತಾನೆ. ಮೊದಲು ಸೂತ್ ಕಲಿಯಿರಿ. ಒಂದು ಇಂಚಿಗೆ ಎಂಟು ಸೂತ್. 18 ಎಂಎಂ ಪ್ಲೈ ಎಂದರೆ ಹತ್ತಿರ ಹತ್ತಿರ ಆರು ಸೂತ್. ಇಲ್ಲಿಯ ಬಡಗಿಗಳಲ್ಲಿ ರಾಜಸ್ಥಾನದವರೂ ಇದ್ದಾರೆ, ಅವರ ಜೊತೆ ಹಿಂದಿಯಲ್ಲೇ ವ್ಯವಹಾರ. "ದೋ ಸೂತ್ ಕಮ್ ಕರೋ" (ಎರಡು ಸೂತ್ ಕಡಿಮೆ ಮಾಡು) ಎಂದು ನೀವು ಒಂದು ಸಲ ಸರಿಯಾಗಿ ಹೇಳಿದರೆ ಸಾಕು, ಅವತ್ತಿನಿಂದ ಚಹಾ ನಿಮಗೂ ಒಂದು ಬರುತ್ತದೆ.

ಆಮೇಲೆ ಪ್ಲೈ. ಹಾಳೆ 8 ಅಡಿಗೆ 4 ಅಡಿ. ಮುದ್ರೆಯಲ್ಲಿ ಐಎಸ್ 303 (ಐಎಸ್ ಎಂದರೆ ಭಾರತೀಯ ಮಾನಕ) ಇದ್ದರೆ ಸಾಮಾನ್ಯ ಪ್ಲೈ, ಅದರಲ್ಲೂ ತೇವ ಮಾತ್ರ ತಡೆಯುವ ಎಂಆರ್ ಬೇರೆ, ಕುದಿಯುವ ನೀರನ್ನೂ ತಡೆಯುವ ಬಿಡಬ್ಲ್ಯುಆರ್ ಬೇರೆ. ಐಎಸ್ 710 ಎಂದರೆ ಮರೀನ್, ನೀರಿಗೆ ಹೆಚ್ಚು ತಡೆಯುವ ಪ್ಲೈ, ಅಡುಗೆಮನೆ ಸಿಂಕಿನ ಕೆಳಗೆ ಅದೇ ಇರಲಿ. ಗಿರಾಕಿಗೆ 710ರ ರೇಟು ಹೇಳಿ 303 ಹಾಕುವವರು ಇದ್ದಾರೆ, ಲ್ಯಾಮಿನೇಟ್ ಅಂಟಿಸಿದ ಮೇಲೆ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಅಂಟಿಸುವ ಮೊದಲು ಮುದ್ರೆಯ ಫೋಟೋ ತೆಗೆದಿಡಿ. ನನಗೇ ಒಂದು ಅಂಗಡಿಯವರು ಹೀಗೆ ಟೋಪಿ ಹಾಕಿ 14 ಹಾಳೆ ನಾನು ಕೈಯಿಂದ ಬದಲಾಯಿಸಿಕೊಟ್ಟಿದ್ದೇನೆ.

ಬೀದರ್ ಅಕ್ಕ

ತಂಗಿ, ನಾನು 51ಕ್ಕೆ ಶುರು ಮಾಡಿದವಳು. ಅದಕ್ಕೂ ಮೊದಲು ಹೊಲಿಗೆ ಕಲಿಸುತ್ತಿದ್ದೆ. ಬೀದರಿನಲ್ಲಿ ಈಗ ಆರನೇ ವರ್ಷ. ಶ್ರೀಮಂತಳಾಗಿಲ್ಲ, ಆದರೆ ಮನೆ ನಡೆಯುತ್ತಿದೆ.

ನನಗೆ ಕೆಲಸ ತಂದುಕೊಟ್ಟದ್ದು ರೊಟ್ಟಿ. ನಗಬೇಡ. ಶೋರೂಮಿನವರು ಅಡುಗೆ ಕಟ್ಟೆಯನ್ನು 34 ಇಂಚಿಗೆ ಕೂರಿಸಿ ಹೋಗುತ್ತಾರೆ. ಐದಡಿ ಇರುವ ಹೆಂಗಸು ಆ ಎತ್ತರದಲ್ಲಿ ಜೋಳದ ರೊಟ್ಟಿ ಬಡಿಯಲಿ ನೋಡೋಣ, ನಾಲ್ಕು ರೊಟ್ಟಿಗೆ ಭುಜ ಹಿಡಿದುಕೊಳ್ಳುತ್ತದೆ. ನಾನು ಕಟ್ಟೆಯ ಕೊನೆಯ ಎರಡೂವರೆ ಅಡಿಯನ್ನು ಮಾತ್ರ 28 ಇಂಚಿಗೆ ಇಳಿಸಿ, ಕೆಳಗೆ ಕಪಾಟು ಮಾಡದೆ ಗಟ್ಟಿಯಾಗಿ ಇಟ್ಟಿಗೆ ಕಟ್ಟಿಸಿ, ಮೇಲೆ ದಪ್ಪ ಕಲ್ಲು ಹಾಕಿಸಿದೆ. ಪ್ಲೈ ಪೆಟ್ಟಿಗೆ ಮೇಲೆ ಬಡಿದರೆ ಪಾತ್ರೆ ಎಲ್ಲಾ ಕುಣಿಯುತ್ತವೆ. ಮೊದಲ ಮನೆಗೆ ಮಾಡಿಸಿದ ಮೇಲೆ ಅವರ ಅತ್ತೆ ನೋಡಿ, ಅವರ ಬೀಗರು ನೋಡಿ, ಹೀಗೆ ಏಳು ಅಡುಗೆಮನೆ ಬಂದವು. ಯಾವ ಜಾಹೀರಾತೂ ಕೊಟ್ಟಿಲ್ಲ.

ಇನ್ನೊಂದು, ನಮ್ಮ ಕಡೆ ವರ್ಷದ ಜೋಳ, ತೊಗರಿ ಚೀಲಗಟ್ಟಲೆ ಮನೆಗೆ ಬರುತ್ತದೆ. ಎಳೆಯುವ ಬುಟ್ಟಿಗಳ ಚಂದದ ಅಡುಗೆಮನೆಯಲ್ಲಿ 50 ಕೆಜಿ ಚೀಲ ಎಲ್ಲಿಡಬೇಕು? ಕೊನೆಗೆ ಮಲಗುವ ಕೋಣೆ ಮಂಚದ ಪಕ್ಕ ಬರುತ್ತದೆ. ನೀನು ದಾಲ್ ಮಿಲ್ಲಿನವಳು, ಇದನ್ನು ನಿನಗೆ ಯಾರು ಕಲಿಸಬೇಕು?

ದುಡ್ಡಿನ ಮಾತು. ಮೊದಲ ವರ್ಷ ನಾನು ಸಾಮಾನನ್ನೂ ನಾನೇ ತಂದು ಕೊಡುತ್ತೇನೆ ಎಂದು ಒಪ್ಪಿಕೊಂಡು ಸಿಕ್ಕಿಹಾಕಿಕೊಂಡೆ. ರೇಟು ಏರಿತು, ಗಿರಾಕಿ ಹಳೇ ರೇಟೇ ಎಂದರು, ನನ್ನ ಬಳೆ ಅಡವಿಗೆ ಹೋಯಿತು. ಈಗ ಸಾಮಾನು ಅವರ ಹೆಸರಿನ ಬಿಲ್ಲಿಗೆ, ಅವರದೇ ದುಡ್ಡಿನಲ್ಲಿ. ನನ್ನದು ಡಿಸೈನ್ ಮತ್ತು ನಿಂತು ಮಾಡಿಸುವುದಕ್ಕೆ ಮಾತ್ರ ಫೀಸು, ಅದೂ ಮುಂಗಡ ಬಂದ ಮೇಲೆ ಟೇಪು ಹಿಡಿಯುತ್ತೇನೆ. ನೆಂಟರಿಗೂ ಇದೇ. ಸೀರೆಗೆ ಕೆಲಸ ಮಾಡುವುದನ್ನು ಇವತ್ತೇ ನಿಲ್ಲಿಸು. ಜಿಎಸ್‌ಟಿಗೆ ಈಗಲೇ ಹೆದರಬೇಡ, ಸೇವೆಯ ಕೆಲಸಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ, ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತಿರುತ್ತದೆ.

ಡಿಪ್ಲೊಮಾ ನಾನು ಮಾಡಿಲ್ಲ. ನೀನೂ ಪಿಎಫ್ ಮುಟ್ಟಬೇಡ.

ಸ್ಕೆಚಪ್ ಹುಡುಗ

ಬೀದರ್ ಅಕ್ಕನ ಮಾತು ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ನಾನು ಕೋರ್ಸ್ ಮಾಡಿ ಬಂದವನು, ಈಗ ಕಲಬುರಗಿಯಲ್ಲೇ ಕೆಲಸ. ಒಂದೂವರೆ ಲಕ್ಷ ಬೇಡ, ಸರಿ. ಆದರೆ ಡ್ರಾಯಿಂಗ್ ಬರದೆ ಇಳಿಯಬೇಡಿ ಮೇಡಂ. ನಾದಿನಿ ಮನೆಯಲ್ಲಿ ಕೈ ಮಾಡಿ ತೋರಿಸಿದರೆ ನಡೆಯುತ್ತದೆ. ಗುರುತಿಲ್ಲದವರ ಮನೆಯಲ್ಲಿ "ನಾನು ಹೇಳಿದ್ದು ಇದಲ್ಲ" ಎಂದು ಗಿರಾಕಿ, "ನನಗೆ ಹೇಳಿದ್ದು ಇದೇ" ಎಂದು ಮಿಸ್ತ್ರಿ, ಮಧ್ಯದಲ್ಲಿ ನೀವು. ಅಳತೆ ಬರೆದ ಹಾಳೆಗೆ ಗಿರಾಕಿಯ ಸಹಿ ಇದ್ದರೆ ಜಗಳ ಅಲ್ಲಿಗೇ ಮುಗಿಯುತ್ತದೆ.

ಸ್ಕೆಚಪ್ ಎಂದರೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್, ಮನೆಯಲ್ಲೇ ಕಲಿಯಬಹುದು, ಯೂಟ್ಯೂಬಿನಲ್ಲಿ ಪಾಠ ಬೇಕಾದಷ್ಟಿವೆ. ದಿನಾ ಎರಡು ಗಂಟೆ ಕೂತರೆ ಮೂರು ತಿಂಗಳಿಗೆ ಒಂದು ಅಡುಗೆಮನೆ ಎಬ್ಬಿಸುತ್ತೀರಿ. ನಿಮ್ಮದೇ ಮನೆಯನ್ನು ಮೊದಲು ಬರೆಯಿರಿ. ಮುಗಿದ ಮೂರೂ ಕೆಲಸದ ಫೋಟೋ ಹಗಲು ಬೆಳಕಿನಲ್ಲಿ ತೆಗೆದಿಡಿ, ಡಬ್ಬಿ ಬಟ್ಟೆ ಎಲ್ಲಾ ಸರಿಸಿ. ಅದೇ ನಿಮ್ಮ ಸರ್ಟಿಫಿಕೇಟು.

ಶಹಾಬಾದ್ ಫರಸಿ

ಡಿಸೈನರ್ ಅಲ್ಲ ನಾನು, ಕಲ್ಲು ಪಾಲಿಶ್ ಮಾಡಿಸುವವನು. ಒಂದೇ ವಿನಂತಿ. ಹಳೆ ಮನೆಗೆ ಹೋದ ತಕ್ಷಣ ಶಹಾಬಾದ್ ಕಲ್ಲು ಕಿತ್ತು ಟೈಲ್ಸ್ ಹಾಕಿ ಎನ್ನಬೇಡಿ. ಪಾದ ಸುಡುವ ಮೇ ತಿಂಗಳಲ್ಲಿ, ಹೊರಗೆ 43 ಡಿಗ್ರಿ ಇರುವಾಗ, ಆ ನೆಲದ ಮೇಲೆ ಒಂದು ಮಧ್ಯಾಹ್ನ ಮಲಗಿ ನೋಡಿ. ಮಷಿನ್ ಹಾಕಿ ಉಜ್ಜಿದರೆ ಹೊಸದರಂತೆ ಬರುತ್ತದೆ. ಆಸಿಡ್ ಮಾತ್ರ ಹಾಕಿಸಬೇಡಿ. ಅದು ಸುಣ್ಣದ ಕಲ್ಲು, ಆಸಿಡ್ ಬಿದ್ದ ಕಡೆ ನೊರೆ ಬಂದು ಹೊಳಪು ಹೋಗುತ್ತದೆ. ನಿಂಬೆಹಣ್ಣಿನ ಕಲೆಯೂ ಅಷ್ಟೇ.

ದಾಲ್‌ಮಿಲ್ ಲೆಕ್ಕದವಳು

ಎಲ್ಲರದ್ದೂ ಎರಡೆರಡು ಸಲ ಓದಿದೆ. ಬೀದರ್ ಅಕ್ಕಾ, ರೊಟ್ಟಿ ಕಟ್ಟೆ ಓದಿ ನನ್ನ ಕಟ್ಟೆ ಅಳೆದೆ, 33 ಇಂಚು. ಇಷ್ಟು ವರ್ಷ ಗ್ಯಾಸ್ ಒಲೆಯನ್ನು ನೆಲಕ್ಕಿಳಿಸಿ ಕೂತು ಬಡಿಯುತ್ತಿದ್ದೆ, ತಪ್ಪು ಕಟ್ಟೆಯದ್ದು ಎಂದು ಹೊಳೆದೇ ಇರಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ, ಲೆಕ್ಕ ಹಾಕುತ್ತಾ ಕೂತೆ. ಏಳು ಅಡಿ ಅಗಲ, ಏಳು ಅಡಿ ಎತ್ತರದ ಅಲಮಾರಿ. ಮೂರು ಬಾಗಿಲು ಮಾಡಿದರೆ ಒಂದೊಂದು 28 ಇಂಚು. ಹಾಳೆ ಅಗಲ 48 ಇಂಚು, ಅಂದ್ರೆ ಒಂದು ಹಾಳೆಯಲ್ಲಿ ಒಂದೇ ಬಾಗಿಲು, ಮೂರು ಬಾಗಿಲಿಗೆ ಮೂರು ಹಾಳೆ. ಅದನ್ನೇ 14 ಇಂಚಿನ ಆರು ಬಾಗಿಲು ಮಾಡಿದರೆ ಒಂದು ಹಾಳೆಯಲ್ಲಿ ಮೂರು ಬರುತ್ತವೆ, ಎರಡೇ ಹಾಳೆ. ಆರು ಸೂತ್ ಅಣ್ಣ, ಇದು ಸರಿನಾ? ಯಾರೂ ಯಾಕೆ ಹೀಗೆ ಹೇಳುವುದಿಲ್ಲ?

ಆರು ಸೂತ್

ಸರಿ ಇದೆ ಅಕ್ಕಾ. ಆದರೆ ಬಾಗಿಲು ಎರಡು ಪಟ್ಟಾದರೆ ಕಬ್ಜೆಯೂ (ಬಾಗಿಲ ಹಿಂಜ್) ಹೆಚ್ಚುಕಡಿಮೆ ಎರಡು ಪಟ್ಟು, ಏಳು ಅಡಿ ಬಾಗಿಲಿಗೆ ನಾಲ್ಕಾದರೂ ಬೇಕು. ಅದನ್ನು ಕಳೆದು ನೋಡಿ. ಮೂರು ಹಾಳೆ ಲೆಕ್ಕದಲ್ಲಿ ಉಳಿಯುವ 20 ಇಂಚಿನ ಪಟ್ಟಿಗಳು ಡ್ರಾಯರಿಗೆ ಬರುತ್ತವೆ, ಪೂರ್ತಿ ದಂಡ ಅಲ್ಲ. ಆದರೂ 28 ಇಂಚಿನ ಬಾಗಿಲು ಭಾರಕ್ಕೆ ಇಳಿಯುತ್ತದೆ, ನಾನಾದರೆ ಆರು ಬಾಗಿಲೇ ಮಾಡಿಸುತ್ತೇನೆ.

ಯಾರೂ ಹೇಳುವುದಿಲ್ಲ, ಯಾಕಂದ್ರೆ ಹೆಚ್ಚಿನವರು ಮುಂಭಾಗದ ಚದರಡಿ ಲೆಕ್ಕದಲ್ಲಿ ರೇಟು ಹೇಳುತ್ತಾರೆ, ಒಳಗೆ ಎಷ್ಟು ಹಾಳೆ ಹೋಯಿತು ಎಂದು ಗಿರಾಕಿ ಕೇಳುವುದೂ ಇಲ್ಲ. ನೀವು ಹಾಳೆ ಲೆಕ್ಕ ಬರೆದು ಕೊಡಿ, ಈ ಊರಿನ ವ್ಯಾಪಾರಸ್ಥರು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಜೇವರ್ಗಿ ರಸ್ತೆಯಲ್ಲಿ ನನ್ನದೊಂದು ಮನೆ ಕೆಲಸ ನಡೆದಿದೆ, ಇನ್ನೂ ಎರಡು ತಿಂಗಳಿದೆ. ಬಂದು ನಿಲ್ಲಿ. ಸಂಬಳ ಕೊಡಲಾರೆ, ಫೀಸೂ ಕೇಳುವುದಿಲ್ಲ. ಮೆಸೇಜ್ ಹಾಕಿ, ಜಾಗ ಹೇಳುತ್ತೇನೆ.

ದಾಲ್‌ಮಿಲ್ ಲೆಕ್ಕದವಳು

ಹಾಕಿದ್ದೇನೆ ಅಣ್ಣ. ಸೋಮವಾರ ಒಂಬತ್ತಕ್ಕೆ ಬರುತ್ತೇನೆ. ಮನೆಯವರಿಗೂ ಹೇಳಿದೆ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಹೋಗುವುದಾದರೆ ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಹೋಗು, ಮೊಳೆ ಬಿದ್ದಿರುತ್ತವೆ" ಎಂದರು.