ಅಪ್ಪನ ಬೆನ್ನ ಕೆಳಗೆ ಹುಣ್ಣಾಗಿದೆ, ಕೇಂದ್ರದವರು ‘ವಯಸ್ಸಾಯ್ತಲ್ಲ’ ಅಂತಾರೆ. ಏನು ಮಾಡೋದು?

ತೋಟದಮನೆ_ಶಿರಸಿ
ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಅಪ್ಪನಿಗೆ 81 ವರ್ಷ, ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತದೆ, ಯಾರಾದರೂ ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಹಾಕುತ್ತಾರೆ. ನಮ್ಮದು ಶಿರಸಿ ಹತ್ತಿರದ ತೋಟದ ಮನೆ, ರಸ್ತೆಯಿಂದ ಇಳಿಜಾರು ಇಳಿದು ಬರಬೇಕು, ಬಚ್ಚಲು ಮನೆಯ ಹಿಂದೆ. ಹೋಂ ನರ್ಸ್ ಹುಡುಕಿ ಸಾಕಾಯಿತು. ಬಂದವರೂ ನೆಟ್‌ವರ್ಕ್ ಇಲ್ಲ ಅಂತ ಹೊರಟರು. ಹಾಗಾಗಿ ಬೆಂಗಳೂರಲ್ಲಿರುವ ಅಣ್ಣ ಕಳೆದ ವರ್ಷ ಘಟ್ಟದ ಕೆಳಗಿನ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದ. ತಿಂಗಳಿಗೆ 24 ಸಾವಿರ. ಹೆಸರು ಇಲ್ಲಿ ಬೇಡ.

ಭಾನುವಾರದ ವಿಡಿಯೋ ಕಾಲ್‌ನಲ್ಲಿ ಅಪ್ಪ ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿರುತ್ತಾರೆ. ಮೊನ್ನೆ ಹೇಳದೆ ಕೇಳದೆ ಮಧ್ಯಾಹ್ನ ಹೋದೆ. ಊಟದ ತಟ್ಟೆ ಸ್ಟೂಲ್ ಮೇಲೆ ಹಾಗೇ ಇತ್ತು, ಅನ್ನ ಒಣಗಿ ಗಟ್ಟಿಯಾಗಿತ್ತು. ಹಲ್ಲಿನ ಸೆಟ್ ಡ್ರಾವರ್‌ನಲ್ಲಿ. ಕರೆಗಂಟೆಯ ವೈರ್ ಸುತ್ತಿ ಮಂಚದ ತಲೆಯ ಕಂಬಿಗೆ ಕಟ್ಟಿದ್ದರು, ಮಲಗಿದವರ ಕೈಗೆ ಎಟಕುವುದೇ ಇಲ್ಲ. ಡೈಪರ್ ಬದಲಿಸಲು ಹೋದರೆ ಬಾಲಮೂಳೆಯ ಹತ್ತಿರ ದೊಡ್ಡ ನಾಣ್ಯದಷ್ಟು ಜಾಗದಲ್ಲಿ ಚರ್ಮ ಕಿತ್ತು ಬಂದಿದೆ, ಸುತ್ತ ಕೆಂಪು. ಮ್ಯಾನೇಜರನ್ನು ಕೇಳಿದರೆ ‘ಮೇಡಂ, ವಯಸ್ಸಾಯ್ತಲ್ಲ, ಅವರೇ ಊಟ ಬೇಡ ಅಂತಾರೆ’. ನಮ್ಮಪ್ಪ ಊಟ ಬೇಡ ಅನ್ನುವ ಜನವೇ ಅಲ್ಲ.

ಅಣ್ಣ ಅಂತಾನೆ, ಜಗಳ ಮಾಡಿದರೆ ಅಪ್ಪನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ, ಸುಮ್ನಿರು. ಊರಲ್ಲಂತೂ ಮಕ್ಕಳಿದ್ದೂ ಆಶ್ರಮಕ್ಕೆ ಹಾಕಿದರು ಅನ್ನುವ ಮಾತು ಮೊದಲಿನಿಂದಲೂ ಇದೆ. ದೂರು ಎಲ್ಲಿ ಕೊಡುವುದು? ಸುಮ್ಮನೆ ಮನೆಗೆ ಕರೆತಂದುಬಿಡಲಾ?

ಕುಮಟಾ_ನರ್ಸ್
ಅಕ್ಕ, ದೂರು ನಾಳೆಯೂ ಕೊಡಬಹುದು, ಹುಣ್ಣು ಕಾಯುವುದಿಲ್ಲ. ಇವತ್ತೇ ಹೊರಗಿನ ಡಾಕ್ಟರಿಗೆ ತೋರಿಸಿ, ಅಲ್ಲಿಯ ಡಾಕ್ಟರಿಗಲ್ಲ. ಹುಣ್ಣಿನ ಅಳತೆ, ಆಳ, ತೂಕ ಎಲ್ಲ ಚೀಟಿಯಲ್ಲಿ ಬರೆಸಿಕೊಳ್ಳಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಕಪ್ಪಾಗಿದ್ದರೆ, ವಾಸನೆ ಬಂದರೆ, ಜ್ವರ ಇದ್ದರೆ ಅಥವಾ ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಿದ್ದರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಸೇರಿಸಿ. ಅರಿಸಿನ, ಪೌಡರ್, ಸ್ಪಿರಿಟ್ ಏನೂ ಹಚ್ಚಬೇಡಿ, ಕೆಂಪಾದ ಜಾಗ ಉಜ್ಜಲೂಬೇಡಿ. ಮಧ್ಯ ತೂತಿರುವ ರಿಂಗ್ ದಿಂಬು ತರುತ್ತಾರೆ ಜನ, ಅದು ಸುತ್ತಲಿನ ರಕ್ತ ಓಡಾಟವನ್ನೇ ಕಟ್ಟುತ್ತದೆ. ಮಗ್ಗುಲು ಬದಲಿಸುವುದು ಮುಖ್ಯ, ಸಾಮಾನ್ಯವಾಗಿ 2 ಗಂಟೆಗೊಮ್ಮೆ, ರಾತ್ರಿಯೂ.

ಇನ್ನೊಂದು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಪಾರ್ಕಿನ್ಸನ್ ಇದ್ದವರಿಗೆ ಮಾತ್ರೆಯ ಹೊತ್ತು ತಪ್ಪಿದರೆ ಮೈ ಕೊರಡಾಗುತ್ತದೆ, ನುಂಗಲು ಆಗುವುದಿಲ್ಲ. ಲೆವೊಡೋಪಾ (ಪಾರ್ಕಿನ್ಸನ್ ಮಾತ್ರೆ) ಕೊಡುತ್ತಿದ್ದರೆ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವುದು ಒಳ್ಳೆಯದು, ಮೊಸರು ಬೇಳೆಯ ಜೊತೆ ಕೊಟ್ಟರೆ ಸರಿಯಾಗಿ ಹಿಡಿಯುವುದಿಲ್ಲ. ಅವರು ‘ಬೇಡ’ ಅಂದಿದ್ದು ಊಟವನ್ನಲ್ಲದೇ ಇರಬಹುದು, ಬಾಯಿ ಆಡಿಸಲು ಆಗದೇ ಇರಬಹುದು. ಮಾತ್ರೆ ಚಾರ್ಟ್ ಕೇಳಿ ನೋಡಿ. ಎಲ್ಲ ದಿನಕ್ಕೂ ಒಂದೇ ಪೆನ್ನಲ್ಲಿ ಒಂದೇ ಸಲ ಟಿಕ್ ಹೊಡೆದಿದ್ದರೆ ಗೊತ್ತಾಗಿಬಿಡುತ್ತದೆ.

ಮಾವಿನಗುಂಡಿ
ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಹಾಕಿ ಮೇಡಂ. 2007ರ ಹಿರಿಯರ ಕಾಯ್ದೆ ಇದೆಯಲ್ಲ, ಬಗ್ಗುಬಡಿಯುತ್ತಾರೆ.

ಕಾರವಾರ_ವಕೀಲ
ಎಲ್ಲರೂ ಹೇಳುವುದು ಇದನ್ನೇ. ಆದರೆ ಆ ಕಾಯ್ದೆಯ ನ್ಯಾಯಮಂಡಳಿ ಮಕ್ಕಳು, ವಾರಸುದಾರ ಸಂಬಂಧಿಕರಿಂದ ಜೀವನಾಂಶ ಕೊಡಿಸುವುದಕ್ಕೆ. ದುಡ್ಡು ತಗೊಂಡು ನೋಡಿಕೊಳ್ಳದ ಕೇಂದ್ರದ ಮೇಲೆ ಅಲ್ಲಿ ಹೋದರೆ ನಿಮ್ಮಣ್ಣನಿಗೇ ನೋಟಿಸ್ ಬಂದೀತು! ನಿಮ್ಮದು ಸೇವಾ ನ್ಯೂನತೆ, ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು. ವಕೀಲರೇ ಬೇಕೆಂದಿಲ್ಲ (ನಾನೇ ಹೇಳುತ್ತಿದ್ದೇನೆ, ನೋಡಿ). ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ತೊಂದರೆಯಾದಾಗಿನಿಂದ 2 ವರ್ಷದೊಳಗೆ ಹಾಕಬೇಕು. ಬೇಕಂತಲೇ ನಿರ್ಲಕ್ಷಿಸಿದ್ದು ಎನ್ನುವಂತಿದ್ದರೆ ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಂ ಇದೆ. ಅಸಹಾಯಕರನ್ನು ನೋಡಿಕೊಳ್ಳುವ ಒಪ್ಪಂದ ಮಾಡಿಕೊಂಡು ಕೈಬಿಟ್ಟರೆ 3 ತಿಂಗಳವರೆಗೆ ಜೈಲು ಅಥವಾ 5 ಸಾವಿರದವರೆಗೆ ದಂಡ, ಇಲ್ಲವೇ ಎರಡೂ.

ಜೊತೆಗೆ ಜಿಲ್ಲೆಯ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಲಿಖಿತ ದೂರು ಕೊಟ್ಟು, ಪರಿಶೀಲನೆ ಮಾಡಿ ಅಂತ ಕೇಳಿ, ಸ್ವೀಕೃತಿ ತಗೊಳ್ಳಿ. ಎಲ್ಲಿಂದ ಶುರು ಮಾಡಬೇಕು ಗೊತ್ತಾಗದಿದ್ದರೆ 14567ಕ್ಕೆ ಫೋನ್ ಮಾಡಿ, ಹಿರಿಯರ ಸಹಾಯವಾಣಿ. ಸೇರಿಸುವಾಗ ಸಹಿ ಹಾಕಿದ ಒಪ್ಪಂದದ ಪ್ರತಿ ಅಣ್ಣನ ಹತ್ತಿರ ಇರಬೇಕು, ಅದನ್ನು ತರಿಸಿ.

ಹಳೇ_ಆಯಾ
ನಾನು ಇಂಥ ಕಡೆ ಕೆಲಸ ಮಾಡಿದ್ದೇನೆ, ಬೈದರೂ ಪರವಾಗಿಲ್ಲ. ರಾತ್ರಿ ಒಬ್ಬಳೇ ಒಂದಿಡೀ ಮಹಡಿ ನೋಡಬೇಕು. ಗಂಟೆ ಕಟ್ಟಿಡುವುದು ಅದಕ್ಕೇ, ತಪ್ಪೇ ಅದು, ಆದರೆ ಆಯಾಗಳನ್ನು ಬೈದರೆ ಏನೂ ಬದಲಾಗುವುದಿಲ್ಲ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಆಯಾ ಅಂತ ಮಾಲೀಕರನ್ನು ಕೇಳಿ, ಉತ್ತರ ಬರೆದು ಕೊಡಿ ಅನ್ನಿ. ಮತ್ತೆ ನಿಮ್ಮಣ್ಣನ ಹೆದರಿಕೆ ಇದೆಯಲ್ಲ, ಅದು ತಿರುಗಾ ಮುರುಗಾ. ಯಾರ ಮನೆಯವರು ಹೇಳದೆ ಬರುತ್ತಾರೋ, ಕೇಳುತ್ತಾರೋ, ಅವರ ಮಂಚದ ಹತ್ತಿರ ನಮ್ಮನ್ನು ಮೊದಲು ಕಳಿಸುತ್ತಿದ್ದರು. ವಾರದ ಕಾಲ್‌ಗೆ ಮಾತ್ರ ಬರುವವರ ಅಪ್ಪ ಅಮ್ಮನಿಗೆ ತಲೆ ಬಾಚುವುದು, ಅಷ್ಟೇ.

ತೋಟದಮನೆ_ಶಿರಸಿ
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು. ಹುಣ್ಣಿನ ಆಳ ಕಡಿಮೆ, ವಾಸಿಯಾಗುತ್ತದೆ ಅಂದರು. ಚಾರ್ಟ್ ಕೇಳಿದೆ, ‘ಆಫೀಸಿಗೆ ಬನ್ನಿ’ ಅಂತಿದ್ದಾರೆ. ಅಣ್ಣ ಒಪ್ಪಂದದ ಫೋಟೋ ಕಳಿಸಿದ, ಅದರಲ್ಲಿ ‘24 ಗಂಟೆ ನರ್ಸಿಂಗ್’ ಅಂತ ಬರೆದಿದೆ. ಅವನಿಗೂ ಈಗ ಸಿಟ್ಟು ಬಂದಿದೆ. ಆಸ್ಪತ್ರೆಯಿಂದ ಮನೆಗೇ ಕರೆತರುವ ಯೋಚನೆ. ಗಾಳಿ ಹಾಸಿಗೆ ತರಬೇಕಾ? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಕಥೆ ಗೊತ್ತಲ್ಲ.

ಕುಮಟಾ_ನರ್ಸ್
ತನ್ನಿ, ಆದರೆ ಪಂಪ್‌ಗೆ ಇನ್ವರ್ಟರ್ ಲೈನ್ ಬೇಕೇ ಬೇಕು, ಕರೆಂಟ್ ಹೋದರೆ ಗಾಳಿ ಇಳಿಯುತ್ತದೆ. ಹಾಸಿಗೆ ತಂದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಬಚ್ಚಲಿಗೆ ಓಡಾಡಿಸುವ ಬದಲು ಕಮೋಡ್ ಕುರ್ಚಿ ಇಡಿ. ಡಿಸ್ಚಾರ್ಜ್ ಮಾಡುವ ಮುಂಚೆ ಮನೆಯ ಇಬ್ಬರಿಗೆ ಡ್ರೆಸ್ಸಿಂಗ್ ಕಲಿಸಿಕೊಡಿ ಅಂತ ಅಲ್ಲಿನ ಸಿಸ್ಟರ್‌ಗೆ ಹೇಳಿ, ಒಬ್ಬರಿಗಲ್ಲ, ಇಬ್ಬರಿಗೆ. ಚಾರ್ಟ್ ತರಲು ಆಫೀಸಿಗೆ ಒಬ್ಬರೇ ಹೋಗಬೇಡಿ.