ನೂರಕ್ಕೆ ನೂರು, ಮತ್ತು ಒಂದು ಏಣಿ

ದೊಡ್ಡಪ್ಪ ಬೆಳಗ್ಗೆ ಆರೂಕಾಲಿಗೆ ಗುಂಪಿಗೆ ಹಾಕಿದ ಫಾರ್ವರ್ಡ್ ಇದು: ‘ಸಿಲಿಕಾನ್ ಕಾಲ ಮುಗಿಯಿತು! ಚೆಂಡಿನಾಕಾರದ ಇಂಗಾಲದಿಂದ ನೂರಕ್ಕೆ ನೂರು ಸೌರಶಕ್ತಿ. ಕಂಪ್ಯೂಟರ್ ಸಾಬೀತುಪಡಿಸಿದೆ. ಎಲ್ಲರಿಗೂ ತಲುಪಿಸಿ.’ ಜೊತೆಗೊಂದು ಚಿತ್ರ. ಉದ್ದನೆಯ ಅಣುಸರಪಳಿಯ ಮೇಲೆ ಕೆಂಪು ಮೋಡ, ಪಕ್ಕದ ಚೆಂಡಿನ ಮೇಲೆ ನೀಲಿ ಮೋಡ. ಕೆಳಗೆ ಅವರದೇ ಒಂದು ಸಾಲು: ‘ಅವಸರಪಟ್ಟು ಚಾವಣಿಗೆ ಫಲಕ ಹಾಕಿಸಿಕೊಂಡವರು ಓದಿಕೊಳ್ಳಲಿ.’

ಹಾಗೆ ಹಾಕಿಸಿಕೊಂಡವರು ನಮ್ಮಲ್ಲಿ ಚಿಕ್ಕಪ್ಪ ಒಬ್ಬರೇ. ವಿಷಯ ಅಲ್ಲಿಗೇ ವಿಜ್ಞಾನದ ಕೈಬಿಟ್ಟಿತು.

ಚಿಕ್ಕಪ್ಪ: ನನ್ನ ಹೆಸರನ್ನೇ ಬರೆಯಬಹುದಿತ್ತು.

ಅಕ್ಕ: ಮೂಲ ಯಾವುದು? ಯಾವ ವರ್ಷ, ಯಾವ ಪತ್ರಿಕೆ?

ದೊಡ್ಡಪ್ಪ: ಮೂಲ ಕೇಳುವವಳೇ ಹೋದ ವರ್ಷ ಮೊಬೈಲ್ ಸಿಡಿಯುತ್ತದೆ ಎಂಬ ಸುದ್ದಿಯನ್ನು ಎರಡು ಸಲ ಕಳುಹಿಸಿದ್ದೆ.

ಅಕ್ಕ: ಒಂದೇ ಸಲ. ಎರಡನೆಯದು ಕ್ಷಮಾಪಣೆ.

ತಂಗಿ ಮೂರು ವರ್ಷದಿಂದ ಈ ಚೆಂಡಿನಾಕಾರದ ಇಂಗಾಲದ, ಅಂದರೆ ಫುಲ್ಲರೀನ್‌ನ, ಲೆಕ್ಕಗಳನ್ನೇ ಮಾಡುತ್ತಿದ್ದಾಳೆ ಎಂಬುದು ಇಷ್ಟರವರೆಗೆ ಯಾರಿಗೂ ನೆನಪಾಗಲಿಲ್ಲ. ಗುಂಪಿನಲ್ಲಿ ಅವಳ ಉದ್ಯೋಗ ಹಿರಿಯರ ಫೋನ್ ಸರಿಮಾಡುವುದು.

ತಂಗಿ: ಇದು ಪೂರ್ತಿ ಸುಳ್ಳಲ್ಲ. 2009ರಲ್ಲಿ ನೇಚರ್ ಫೋಟಾನಿಕ್ಸ್‌ನಲ್ಲಿ ಒಂದು ಪ್ರಬಂಧ ಬಂದಿತ್ತು. ಚಿತ್ರದಲ್ಲಿರುವಂಥ ಉದ್ದ ಸರಪಳಿಯ ಪಾಲಿಮರ್ ಮತ್ತು ಫುಲ್ಲರೀನ್ ಬೆರೆಸಿದ ಸೌರಕೋಶ ಅದು. ಹೀರಿಕೊಂಡ ಪ್ರತಿ ಬೆಳಕಿನ ಕಣಕ್ಕೂ, ಅಂದರೆ ಫೋಟಾನ್‌ಗೂ ಹೆಚ್ಚುಕಡಿಮೆ ಒಂದು ಎಲೆಕ್ಟ್ರಾನ್ ಹೊರಗೆ ಬಂತು. ಆದರೆ ಅದೇ ಕೋಶದ ಒಟ್ಟು ದಕ್ಷತೆ ಶೇಕಡಾ 6ರಷ್ಟು. ಹೀರಿದ ಬೆಳಕಿನ ಲೆಕ್ಕ ಬೇರೆ, ಬಿದ್ದ ಬಿಸಿಲಿನ ಲೆಕ್ಕ ಬೇರೆ.

ದೊಡ್ಡಪ್ಪ: ನೂರು ಎಂದು ನಾನು ಹೇಳಿದ್ದು ನಿಜವಾಯಿತಲ್ಲ!

ಅಕ್ಕ: ಆರು ಎಂದಿದ್ದಾಳೆ.

ಅರ್ಧ ನಿಜ ಇಬ್ಬರಿಗೂ ಬೇಕಿರಲಿಲ್ಲ. ಪೂರ್ತಿ ಸುಳ್ಳಾಗಿದ್ದರೆ ಅಕ್ಕ ಹತ್ತು ನಿಮಿಷದಲ್ಲಿ ಗೆದ್ದು ಕಚೇರಿಗೆ ಹೋಗುತ್ತಿದ್ದಳು.

ಚಿಕ್ಕಪ್ಪ: ಕಂಪ್ಯೂಟರ್ ಸಾಬೀತುಪಡಿಸಿದೆಯೋ ಇಲ್ಲವೋ, ಅಷ್ಟು ಹೇಳು.

ತಂಗಿ: ಇಲ್ಲ. ಆ ಮೋಡಗಳು ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂಬ ಅಂದಾಜು, ಛಾಯಾಚಿತ್ರವಲ್ಲ. ಈ ಲೆಕ್ಕದ ವಿಧಾನ ಸಾಂದ್ರತಾ ಫಂಕ್ಷನಲ್ ಸಿದ್ಧಾಂತ. ಅದರಲ್ಲಿ ಫಂಕ್ಷನಲ್ ಅನ್ನು, ಅಂದರೆ ಎಲೆಕ್ಟ್ರಾನ್‌ಗಳ ಹಂಚಿಕೆಯಿಂದ ಶಕ್ತಿ ಅಂದಾಜಿಸುವ ಸೂತ್ರವನ್ನು, ನಾವೇ ಆರಿಸಬೇಕು. ದೂರ ಸರಿದ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗ, ಅಂದರೆ ‘ರಂಧ್ರ’, ಇವುಗಳ ನಡುವಿನ ಸೆಳೆತ ಸಾಧಾರಣ ಫಂಕ್ಷನಲ್‌ಗಳ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಆಗ ಎಲೆಕ್ಟ್ರಾನ್ ಹಾಗೆ ಸರಿದ ಸ್ಥಿತಿ, ಅಂದರೆ ಆವೇಶ ವರ್ಗಾವಣೆಯ ಸ್ಥಿತಿ, ಶಕ್ತಿಯಲ್ಲಿ ಇರಬೇಕಾದ್ದಕ್ಕಿಂತ ಬಹಳ ಕೆಳಗೆ ಬಂದು ಕೂರುತ್ತದೆ. ಅದಕ್ಕೆಂದೇ ದೂರದ ಸೆಳೆತವನ್ನು ತಿದ್ದಿದ ಫಂಕ್ಷನಲ್‌ಗಳಿವೆ. ಲೆಕ್ಕ ತಪ್ಪಿದಾಗಲೂ ಚಿತ್ರ ಇಷ್ಟೇ ಚೆನ್ನಾಗಿ ಬರುತ್ತದೆ.

ಇದಕ್ಕೆ ಬಂದದ್ದು ಒಂದೇ ಪ್ರತಿಕ್ರಿಯೆ, ಅತ್ತೆಯ ಕೈಮುಗಿದ ಚಿಹ್ನೆ. ಅತ್ತೆ ಸಾವಿನ ಸುದ್ದಿಗೂ ಪರೀಕ್ಷಾ ಫಲಿತಾಂಶಕ್ಕೂ ಅದನ್ನೇ ಒತ್ತುತ್ತಾರೆ.

ತಂಗಿಯೂ ಸುಮ್ಮನಿರಬಹುದಿತ್ತು. ಬೆಳಕು ಬಿದ್ದೊಡನೆ ಎಲೆಕ್ಟ್ರಾನ್ ಬಿಡುವ ಪಾಲಿಮರ್ ‘ದಾನಿ’, ಪಡೆಯುವ ಫುಲ್ಲರೀನ್ ‘ಗ್ರಾಹಿ’, ಇದನ್ನು 1992ರಲ್ಲೇ ಕಂಡಿದ್ದರು, ವರ್ಗಾವಣೆಗೆ ಸುಮಾರು 45 ಫೆಮ್ಟೊಸೆಕೆಂಡು ಸಾಕು, ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಫೆಮ್ಟೊಸೆಕೆಂಡು ಎಂದೆಲ್ಲ ಬರೆದಳು. ದಾನಿ ಎಂಬ ಪದ ಕಂಡದ್ದೇ ದೊಡ್ಡಪ್ಪನಿಗೆ ವೇದಿಕೆ ಸಿಕ್ಕಿತು.

ದೊಡ್ಡಪ್ಪ: ನೋಡಿ ಮಕ್ಕಳೇ, ಯಃಕಶ್ಚಿತ್ ಅಣು ಕಣ್ಣು ಮಿಟುಕಿಸುವುದರೊಳಗೆ ದಾನ ಮಾಡುತ್ತದೆ. ನಮ್ಮವರಲ್ಲಿ ಕೆಲವರಿಗೆ ಒಂದು ಏಣಿ ಹಿಂದಿರುಗಿಸಲು ಹನ್ನೊಂದು ವರ್ಷ ಸಾಲದು.

ಭಾವ ಅಂದು ಮೊದಲ ಬಾರಿಗೆ ಬಾಯಿಬಿಟ್ಟರು.

ಭಾವ: ಕೊಟ್ಟ ಎಲೆಕ್ಟ್ರಾನ್ ಹಿಂದಿರುಗಿದರೆ ಏನಾಗುತ್ತದೆ?

ತಂಗಿ: ಅದನ್ನು ಮರುಸಂಯೋಗ ಎನ್ನುತ್ತೇವೆ. ವಿದ್ಯುತ್ ಸಿಗುವುದಿಲ್ಲ, ಶಕ್ತಿ ಶಾಖವಾಗಿ ಹೋಗುತ್ತದೆ.

ಭಾವ: ಹಾಗಾದರೆ ಹಿಂದಿರುಗಿಸದಿರುವುದೇ ಕ್ಷೇಮ.

ಚಿಕ್ಕಪ್ಪ: ಏಣಿ ನನ್ನದು. ಅಣ್ಣನದಲ್ಲ. ಅವನು ಏಕೆ ಕೇಳುತ್ತಿದ್ದಾನೆ?

ಹಿಂದಿರುಗುವಿಕೆ ಏಕೆ ನಿಧಾನ ಎಂಬುದನ್ನು ತಂಗಿ ಆಗಲೇ ಬರೆದು ಮುಗಿಸಿದ್ದಳು: ಎಲೆಕ್ಟ್ರಾನ್ ಶಕ್ತಿಯಲ್ಲಿ ಇಳಿಯಬೇಕಾದ ಎತ್ತರ ಒಂದು ಮಿತಿ ದಾಟಿದರೆ ವರ್ಗಾವಣೆ ಚುರುಕಾಗುವ ಬದಲು ಮಂದವಾಗುತ್ತದೆ ಎಂದು ಎಲೆಕ್ಟ್ರಾನ್ ವರ್ಗಾವಣೆಯ ವೇಗವನ್ನು ವಿವರಿಸುವ ಮಾರ್ಕಸ್ ಸಿದ್ಧಾಂತ ಹೇಳುತ್ತದೆ; ಎಲೆಕ್ಟ್ರಾನ್ ಬಂದು ಸೇರಿದರೂ ಫುಲ್ಲರೀನ್ ತನ್ನ ಆಕಾರವನ್ನು ಅಷ್ಟಾಗಿ ಬದಲಿಸಿಕೊಳ್ಳುವುದಿಲ್ಲ, ಹಾಗಾಗಿ ಆ ಮಿತಿ ಬೇಗ ಬರುತ್ತದೆ. ನನ್ನ ಮಟ್ಟಿಗೆ ಇಡೀ ದಿನದ ಒಳ್ಳೆಯ ಮಾತು ಅದೇ. ಅದರ ಮೇಲೆ ಏಣಿಯ ಹದಿನೇಳು ಸಂದೇಶಗಳು ಬಿದ್ದವು.

ಆಗ ಚಿಕ್ಕಪ್ಪನ ಮಗ ಎದ್ದ. ಅವನಿಗೆ ಕಂಡದ್ದು ಚೆಂಡು ಮಾತ್ರ.

ತಮ್ಮ: ಇದು ನಮ್ಮ ಹಳೆಯ ಫುಟ್‌ಬಾಲ್! ಕಪ್ಪು ತುಂಡು, ಬಿಳಿ ತುಂಡು.

ತಂಗಿ: ಹೌದು, ಅದೇ ವಿನ್ಯಾಸ. 12 ಪಂಚಭುಜ, 20 ಷಡ್ಭುಜ. 60 ಮೂಲೆಗಳಲ್ಲೂ ಒಂದೊಂದು ಇಂಗಾಲ. ಸೌರಕೋಶಕ್ಕೆ ಬಳಸುವಾಗ ದ್ರಾವಕದಲ್ಲಿ ಕರಗಲೆಂದು ಒಂದು ಬಾಲ ಅಂಟಿಸುತ್ತಾರೆ.

ತಮ್ಮ: ನಮ್ಮದಕ್ಕೂ ಬಾಲವಿತ್ತು. ಹೊಲಿಗೆ ಬಿಚ್ಚಿ ನೇತಾಡುತ್ತಿದ್ದ ದಾರ. ಬಿಚ್ಚಿದ್ದು ಯಾರು ಎಂದು ನನಗೆ ಗೊತ್ತು.

ಅಕ್ಕ: ಪುರಾವೆ?

ತಮ್ಮ: ಕತ್ತರಿ ನಿನ್ನ ಕೈಯಲ್ಲಿತ್ತು.

ಅಕ್ಕ ಇದಕ್ಕೆ ಮೂಲ ಕೇಳಲಿಲ್ಲ. ನಾನು ಆ ದಿನ ಅಲ್ಲೇ ಇದ್ದೆ, ಆದರೆ ಎರಡು ಬಾರಿ ಬರೆದು ಎರಡು ಬಾರಿಯೂ ಅಳಿಸಿದೆ.

ಸಂಜೆ ತಂಗಿ ಕೊನೆಯ ಪ್ರಯತ್ನ ಮಾಡಿದಳು. ಇಷ್ಟೆಲ್ಲ ಜಗಳವಾಡಿದ ಫುಲ್ಲರೀನ್‌ನ ಕಾಲವೇ ಮುಗಿಯುತ್ತ ಬಂದಿದೆ, 2019ರಲ್ಲಿ ‘ವೈ6’ ಎಂಬ ಬೇರೆ ಬಗೆಯ ಗ್ರಾಹಿ ಶೇಕಡಾ 15.7ರ ಒಟ್ಟು ದಕ್ಷತೆ ಮುಟ್ಟಿತು, ಆಮೇಲಿನವು ಅದನ್ನೂ ದಾಟಿವೆ ಎಂದಳು.

ದೊಡ್ಡಪ್ಪ: ಇದನ್ನು ಬೆಳಗ್ಗೆಯೇ ಹೇಳಬಾರದಿತ್ತೇ? ಅಂದ ಹಾಗೆ ನನ್ನ ಫೋನಿನ ಅಕ್ಷರಗಳು ಮತ್ತೆ ಚಿಕ್ಕದಾಗಿವೆ.

ರಾತ್ರಿ ಒಂಬತ್ತಕ್ಕೆ ಭಾವ ಒಂದು ಫೋಟೊ ಹಾಕಿದರು. ಗೋಡೆಗೆ ಒರಗಿಸಿದ ಏಣಿ. ‘ನಾಳೆ ತಂದು ಇಡುತ್ತೇನೆ.’

ಚಿಕ್ಕಪ್ಪ ಅದನ್ನು ನೋಡಿದರು. ಐದು ನಿಮಿಷ ಬರೆಯುತ್ತಲೇ ಇದ್ದರು. ಬಂದದ್ದು ಮೂರು ಪದ:

‘ಇದು ಆ ಏಣಿಯಲ್ಲ.’