ಮರುಕಳಿಸಿದ ಗರ್ಭಕಂಠದ ಕ್ಯಾನ್ಸರಿಗೆ ಎರಡನೆಯ ಬಾರಿ ವಿಕಿರಣ ಚಿಕಿತ್ಸೆ ಸಾಧ್ಯವೇ?

ಪ್ರಶ್ನೆ (ಸೋಮವಾರಪೇಟೆಯಿಂದ):
ನನ್ನ ತಾಯಿಗೆ 58 ವರ್ಷ. 2021ರಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಹೊರಗಿನಿಂದ 25 ಸಲ ವಿಕಿರಣ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ, ಕೊನೆಯಲ್ಲಿ ಒಳಗಿನಿಂದ 3 ಬಾರಿ ವಿಕಿರಣ (ಬ್ರ್ಯಾಕಿಥೆರಪಿ) ಆಗಿತ್ತು. ಈ ಸಲದ ಕಾಫಿ ಕೊಯ್ಲಿನ ನಡುವೆ ಮತ್ತೆ ರಕ್ತಸ್ರಾವ ಕಾಣಿಸಿಕೊಂಡಿತು. ಯೋನಿಯ ಮೇಲ್ತುದಿಯಲ್ಲಿ ರೋಗ ಮರಳಿದೆಯೆಂದು ಬಯಾಪ್ಸಿಯಲ್ಲಿ ಖಚಿತವಾಗಿದೆ. ಒಮ್ಮೆ ಕರೆಂಟ್ (ವಿಕಿರಣ) ಕೊಟ್ಟ ಜಾಗಕ್ಕೆ ಮತ್ತೆ ಕೊಡಲಾಗದು ಎಂದು ಒಬ್ಬ ವೈದ್ಯರು ಹೇಳಿದರೆ, ನೋಡಿ ಹೇಳೋಣ ಎಂದು ಇನ್ನೊಬ್ಬರು ಹೇಳಿದ್ದಾರೆ. ಯಾರ ಮಾತನ್ನು ನಂಬಬೇಕು?

ಉತ್ತರ (ಮಡಿಕೇರಿ, ನಿವೃತ್ತ ರೇಡಿಯೋಥೆರಪಿ ತಂತ್ರಜ್ಞ):
ತಂಗಿ, ಇಬ್ಬರೂ ತಪ್ಪು ಹೇಳಿಲ್ಲ. ಹೊರಗಿನಿಂದ 50 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ), ಒಳಗಿನಿಂದ 7 ಗ್ರೇಯಂತೆ 3 ಸಲ ಕೊಟ್ಟಿದ್ದರೆ, ಒಂದೇ ಸಲಕ್ಕೆ ಹೆಚ್ಚು ಕೊಟ್ಟಾಗ ಪರಿಣಾಮವೂ ಹೆಚ್ಚಾಗುವುದನ್ನು ಸೇರಿಸಿ ಲೆಕ್ಕ ಹಾಕಿದಾಗ ಗಡ್ಡೆಯಿದ್ದ ಜಾಗಕ್ಕೆ ಸುಮಾರು 80 ಗ್ರೇಗೆ ಸಮನಾದ ಪ್ರಮಾಣ ಬಿದ್ದಿರುತ್ತದೆ. ಅದರ ಮುಂದೆ ಮೂತ್ರಕೋಶ, ಹಿಂದೆ ಗುದನಾಳ. ಅವುಗಳ ಪಾಲಿಗೆ ಬಿದ್ದ ವಿಕಿರಣ ವರ್ಷಗಳು ಕಳೆದರೂ ಪೂರ್ತಿ ಅಳಿದುಹೋಗುವುದಿಲ್ಲ. ಮಿತಿ ಮೀರಿದರೆ ಗೋಡೆ ತೂತಾಗಿ ಮೂತ್ರವೋ ಮಲವೋ ಯೋನಿಯ ದಾರಿಯಲ್ಲಿ ಸೋರತೊಡಗುತ್ತದೆ. ಇದನ್ನೇ ಫಿಸ್ಟುಲಾ ಎನ್ನುವುದು. ಆದರೆ ಗಡ್ಡೆ ಚಿಕ್ಕದಾಗಿ ನಡುಭಾಗದಲ್ಲೇ ಇದ್ದು, ಮೊದಲ ಚಿಕಿತ್ಸೆ ಮುಗಿದು ಹೆಚ್ಚು ಕಾಲವಾಗಿದ್ದರೆ, ಸೂಜಿಗಳನ್ನು ನೇರವಾಗಿ ಗಡ್ಡೆಯೊಳಗೇ ಇಟ್ಟು ವಿಕಿರಣ ಕೊಡುವ ದಾರಿಯಿದೆ. ಸೊಂಟದ ಮೂಳೆಯ ಬದಿಗೆ ಅಂಟಿದ ಗಡ್ಡೆಗೆ ಆ ದಾರಿ ಕಷ್ಟ. ಅಂಥವರಲ್ಲಿ ಕೆಲವರಿಗೆ ಹೊರಗಿನಿಂದ ಕರಾರುವಾಕ್ಕಾಗಿ ಗುರಿಯಿಟ್ಟು ಕೊಡುವ ಎಸ್‌ಬಿಆರ್‌ಟಿ ಹೊಂದಬಹುದು. ಯಾವುದಕ್ಕೂ ಮೊದಲು ಪೆಟ್‌ ಸಿಟಿ ಸ್ಕ್ಯಾನ್ ಮಾಡಿಸಿ, ರೋಗ ಬೇರೆಡೆ ಹರಡಿಲ್ಲವೆಂದು ತಿಳಿದುಕೊಳ್ಳಬೇಕು.

ಉತ್ತರ (ವಿರಾಜಪೇಟೆಯಿಂದ):
ನನ್ನ ಅಕ್ಕನಿಗೂ ಹೀಗೇ ಆಗಿತ್ತು. ಮೈಸೂರಿಗೆ ಹೋದಾಗ ವೈದ್ಯರು ಮೊದಲು ಕೇಳಿದ್ದೇ ಹಳೆಯ ವಿಕಿರಣದ ಪ್ಲಾನ್, ಅಂದರೆ ಯಾವ ಜಾಗಕ್ಕೆ ಎಷ್ಟು ಕೊಟ್ಟರೆಂಬ ದಾಖಲೆ. ನಮ್ಮ ಕೈಯಲ್ಲಿದ್ದದ್ದು ಡಿಸ್ಚಾರ್ಜ್ ಚೀಟಿ ಮಾತ್ರ, ಅದರಲ್ಲೂ ಡೋಸಿನ ಅಂಕಿಯ ಮೇಲೆಯೇ ರಬ್ಬರ್ ಮೊಹರು ಒತ್ತಿದ್ದರು! ಹಳೆಯ ಆಸ್ಪತ್ರೆಯಿಂದ ಆ ಪ್ಲಾನ್ ಇರುವ ಸಿ.ಡಿ. ತರಿಸುವಷ್ಟರಲ್ಲಿ ಮೂರು ವಾರ ಹೋಯಿತು. ಕೊನೆಗೆ ವೈದ್ಯರ ಸಲಹೆಯಂತೆ ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಒಟ್ಟಿಗೆ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಒಪ್ಪಿಕೊಂಡೆವು. ಹೊಟ್ಟೆಯ ಮೇಲೆ ಎರಡು ಚೀಲಗಳೊಂದಿಗೆ ಬದುಕುವುದು ಸುಲಭವಲ್ಲ. ನಿಮ್ಮ ತಾಯಿಗೆ ಅದನ್ನು ಸೂಚಿಸಿದರೆ ಮರೆಮಾಚದೆ ಮೊದಲೇ ತಿಳಿಸಿಬಿಡಿ.

ಪ್ರಶ್ನೆ ಕೇಳಿದವರು:
ಅಣ್ಣ, ಸರ್, ಇಬ್ಬರಿಗೂ ಧನ್ಯವಾದಗಳು. ಬೀರುವಿನಲ್ಲಿ ಕಾಫಿ ಮಾರಿದ ಚೀಟಿಗಳ ಅಡಿಯಲ್ಲಿ ಚಿಕಿತ್ಸೆಯ ಕಾರ್ಡು ಸಿಕ್ಕಿತು, ಸಿ.ಡಿ. ಸಿಗಲಿಲ್ಲ. ಸೋಮವಾರ ಹಳೆಯ ಆಸ್ಪತ್ರೆಗೆ ಅರ್ಜಿ ಕೊಡುತ್ತೇನೆ. ಬೆವಸಿಜುಮ್ಯಾಬ್ ಎಂಬ ಇಂಜೆಕ್ಷನ್ನಿನ ಮಾತೂ ಬಂದಿದೆ. ಅದರ ಬಗ್ಗೆ ಏನಾದರೂ ಗೊತ್ತೇ?

ಉತ್ತರ (ಮಡಿಕೇರಿ):
ಅದನ್ನು ಕೀಮೋ ಜೊತೆ ಕೊಡುತ್ತಾರೆ. ಆದರೆ ವಿಕಿರಣ ಬಿದ್ದ ಜಾಗದಲ್ಲಿ ಅದೂ ಫಿಸ್ಟುಲಾದ ಅಪಾಯವನ್ನು ಹೆಚ್ಚಿಸುತ್ತದೆ. ಆ ಕಾರ್ಡನ್ನು ಇಂಜೆಕ್ಷನ್ ಬರೆಯುವ ವೈದ್ಯರಿಗೂ ತೋರಿಸಿ.